ಬಿಡಾರ ಕೀಳುವ ಹೊತ್ತು

ಪ್ರಯಾಣದ ಆರಂಭವನ್ನು ಕುರಿತು ಲೋಕದಲ್ಲಿ ಬೇಕಾದಷ್ಟು ವಿಚಾರ ನಡೆದಿದೆ. ಯಾವ ಗಳಿಗೆಯಲ್ಲಿ ಹೊರಡಬೇಕು, ಜೊತೆಗಾರರು ಎಂಥವರಾಗಿರಬೇಕು, ಬುತ್ತಿಯಲ್ಲಿ ಏನಿರಬೇಕು ಎಂಬುದನ್ನೆಲ್ಲ ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಾರೆ. ಗುರಿ ಮುಟ್ಟಿದ ಸಂತೋಷವನ್ನು ವರ್ಣಿಸುವವರಿಗೂ ಕೊರತೆಯಿಲ್ಲ. ಆದರೆ ಕಾಣಬೇಕಾದುದನ್ನೆಲ್ಲ ಕಂಡು ಮುಗಿದ ಮೇಲೆ, ಮನೆಯು ಇನ್ನೂ ಎರಡು ಮೂರು ದಿನಗಳ ದೂರದಲ್ಲಿರುವಾಗ, ದಾರಿಯಲ್ಲಿಯೇ ಕಳೆಯಬೇಕಾದ ಕಡೆಯ ದಿನಗಳನ್ನು ಕುರಿತು ಯೋಚಿಸುವವರು ವಿರಳ. ಅವು ಲೆಕ್ಕಕ್ಕಿಲ್ಲದ ದಿನಗಳು. ಲೆಕ್ಕಕ್ಕಿಲ್ಲದ ದಿನಗಳಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆ, ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಕಿರಿದಾಗಿ ಕಂಡರೂ ಅಷ್ಟು ಕಿರಿದಲ್ಲ.

ಇದನ್ನು ಬರಿಯ ತರ್ಕದಲ್ಲಿ ಎಳೆದಾಡುವುದಕ್ಕಿಂತ ಒಂದು ದೃಷ್ಟಾಂತವನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಅಮೆರಿಕ ದೇಶದಲ್ಲಿ ಬೇಸಗೆಯ ರಜೆ ಬಂತೆಂದರೆ ಮನೆಮಂದಿಯೆಲ್ಲ ಕಾರಿನಲ್ಲಿ ಡೇರೆ, ಹಾಸಿಗೆ, ಒಲೆ, ದಿನಸಿಗಳನ್ನು ತುಂಬಿಕೊಂಡು ಹತ್ತು ಹದಿನೈದು ದಿನ ಸಾವಿರಾರು ಮೈಲಿ ತಿರುಗಿ, ಪ್ರತಿ ರಾತ್ರಿ ಬಯಲಿನಲ್ಲಿ ಬಿಡಾರ ಹೂಡುವ ರೂಢಿಯಿದೆ. 1872ರಲ್ಲಿ ಸ್ಥಾಪಿತವಾದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಕ್ಕೆ 1915ರಲ್ಲಿ ಮೋಟಾರು ಗಾಡಿಗಳನ್ನು ಬಿಟ್ಟ ಕಾಲದಿಂದಲೂ ಈ ರೂಢಿ ಬೆಳೆಯುತ್ತ ಬಂದಿತು. 1956ರ ಕಾಯಿದೆಯ ಮೇರೆಗೆ ದೇಶವನ್ನು ಅಡ್ಡಹಾಯುವ ಹೆದ್ದಾರಿಗಳು ನಿರ್ಮಾಣವಾದ ಮೇಲೆ ಜನಸಾಮಾನ್ಯರ ಕೈಗೆಟುಕಿತು. ಕನ್ನಡ ನಾಡಿನಿಂದ ಹೋಗಿ ಅಲ್ಲಿ ನೆಲೆಸಿರುವ ಕುಟುಂಬಗಳಿಗೂ ಇಂದು ಇದು ಪರಿಚಿತವಾದ ಸಂಗತಿ. ಕೊಲ್ಲಾರಿ ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗಿ, ಮರದ ಕೆಳಗೆ ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಬಂಡಿಯ ನೆರಳಿನಲ್ಲಿ ಮಲಗಿದ ನೆನಪುಳ್ಳ ಹಿರಿಯರಿಗೆ ಇದರಲ್ಲಿ ಹೊಸತೆನಿಸುವುದು ಗಾಡಿಯ ವೇಗವೊಂದೇ.

ಅಂಥದೊಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಶಿಕಾಗೋ ನಗರದಲ್ಲಿ ಉದ್ಯೋಗದಲ್ಲಿರುವ ಗಂಡ ಹೆಂಡತಿ, ಏಳೆಂಟು ವರ್ಷದ ಒಬ್ಬ ಮಗಳು, ದಾವಣಗೆರೆಯ ಕಡೆಯಿಂದ ಆರು ತಿಂಗಳಿಗೆಂದು ಬಂದಿರುವ ಗಂಡನ ತಾಯಿ. ಹದಿನಾಲ್ಕು ದಿನದ ಪ್ರವಾಸ. ಪಶ್ಚಿಮಕ್ಕೆ ಹೋಗಿ ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಗಳನ್ನೂ ಕಾಡುಕೋಣಗಳ ಹಿಂಡನ್ನೂ ಕಂಡದ್ದಾಯಿತು. ಇನ್ನು ಪೂರ್ವಕ್ಕೆ ಮರಳಬೇಕು. ದಾರಿ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲು. ಹನ್ನೆರಡನೆಯ ರಾತ್ರಿಯ ಬಿಡಾರ ದಕ್ಷಿಣ ಡಕೋಟಾ ರಾಜ್ಯದ ಬ್ಯಾಡ್‌ಲ್ಯಾಂಡ್ಸ್ ಎಂಬ ಸ್ಥಳದಲ್ಲಿ. ಮಳೆಗಾಳಿಗೆ ಸವೆದು ಪದರಪದರವಾಗಿ ಬಣ್ಣಗಟ್ಟಿದ ಮಣ್ಣಿನ ಗುಡ್ಡಗಳು, ಅವುಗಳ ಬುಡದಿಂದ ಕಣ್ಣು ಹರಿಯುವವರೆಗೂ ಹುಲ್ಲುಗಾವಲು. ಆದರೆ ಅಲ್ಲಿಗೆ ಬರುವ ವೇಳೆಗೆ ಆ ಕುಟುಂಬದಲ್ಲಿ ಏನೋ ಒಂದು ಬದಲಾಗಿರುತ್ತದೆ. ಮೊದಲ ದಿನಗಳಲ್ಲಿ ಎಂಟು ಗೂಟಗಳನ್ನೂ ಬಡಿದು ಡೇರೆ ನಿಲ್ಲಿಸಿದವನು ಈಗ ನಾಲ್ಕೇ ಗೂಟಕ್ಕೆ ಕೈತೊಳೆದುಕೊಳ್ಳುತ್ತಾನೆ. ಪಾತ್ರೆಗಳು ಅರೆಬರೆ ತೊಳೆಯಲ್ಪಟ್ಟು ಪೆಟ್ಟಿಗೆಗೆ ಸೇರುತ್ತವೆ. ಗುಡ್ಡದ ಮೇಲೆ ಸಂಜೆಗೆಂಪು ಏರುತ್ತಿರುವಾಗ ತಂದೆ ನಾಳೆ ಕ್ರಮಿಸಬೇಕಾದ ಕಿಲೋಮೀಟರುಗಳನ್ನು ಎಣಿಸುತ್ತಿದ್ದಾನೆ. ತಾಯಿ ಸೋಮವಾರದ ಕಛೇರಿಯನ್ನೂ ಮಗಳ ಶಾಲೆಯ ಪುಸ್ತಕಗಳನ್ನೂ ನೆನೆಯುತ್ತಿದ್ದಾಳೆ. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಿಲ್ಲ. ಪ್ರಯಾಣ ಮುಗಿದುಹೋಗಿದೆ, ದಾರಿ ಮಾತ್ರ ಉಳಿದಿದೆ.

ಇದು ಕಲ್ಪನೆಯ ಕುಟುಂಬಕ್ಕೆ ಮಾತ್ರ ಸಂಭವಿಸುವ ಸ್ಥಿತಿಯಲ್ಲ. ಅಮೆರಿಕದ ಪ್ರಸಿದ್ಧ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿಯೊಡನೆ, ಮಲಗುವ ವ್ಯವಸ್ಥೆಯುಳ್ಳ ಒಂದು ಟ್ರಕ್ಕಿನಲ್ಲಿ ದೇಶವನ್ನು ಸುತ್ತಿದನು. 1962ರಲ್ಲಿ ಪ್ರಕಟವಾದ ಆ ಪ್ರವಾಸದ ಗ್ರಂಥದಲ್ಲಿ ಅವನು ತನ್ನ ಪ್ರಯಾಣವು ಮನೆ ಸೇರುವುದಕ್ಕೆ ಬಹಳ ಮುಂಚೆಯೇ, ವರ್ಜಿನಿಯಾ ರಾಜ್ಯದ ಅಬಿಂಗ್ಡನ್ ಊರಿನ ಹತ್ತಿರ ಕೊನೆಗೊಂಡಿತೆಂದು ಸ್ಥಳವನ್ನೂ ಹೊತ್ತನ್ನೂ ಹೆಸರಿಸಿ ಬರೆದಿದ್ದಾನೆ. ಮನೆಯಿದ್ದುದು ನ್ಯೂಯಾರ್ಕ್ ರಾಜ್ಯದಲ್ಲಿ. ನಡುವಣ ದಾರಿಯುದ್ದಕ್ಕೂ ದೇಹವು ಚಕ್ರವನ್ನು ಹಿಡಿದು ಕುಳಿತಿತ್ತು; ಮನಸ್ಸು ಆಗಲೇ ಇಳಿದುಹೋಗಿತ್ತು. ಅನುಭವಿಯಾದ ಪ್ರವಾಸಿಯೂ ತಪ್ಪಿಸಿಕೊಳ್ಳಲಾರದ ಈ ಸ್ಥಿತಿಯನ್ನು ದೋಷವೆಂದು ಹಳಿಯುವುದು ನ್ಯಾಯವಲ್ಲ. ಮನಸ್ಸಿನ ನಡಿಗೆ ಅಪ್ಪಣೆಗೆ ಒಳಪಟ್ಟದ್ದಲ್ಲ. ಮೇಲಾಗಿ ಮನೆಯ ಕಡೆ ಹರಿಯುವ ಮನಸ್ಸು ಸೋಮಾರಿಯ ಮನಸ್ಸೇನೂ ಅಲ್ಲ. ಅಲ್ಲಿ ಕಾದಿರುವ ಕೆಲಸ, ಸಾಲ, ಮಕ್ಕಳ ವಿದ್ಯೆ ಇವೆಲ್ಲವೂ ಕರ್ತವ್ಯಗಳೇ. ಆದುದರಿಂದ ವಿಚಾರಿಸಬೇಕಾದುದು ಮನಸ್ಸು ಮುಂಚೆ ಹೊರಟಿತೇಕೆ ಎಂಬುದನ್ನಲ್ಲ. ಮನಸ್ಸು ಹೊರಟುಹೋದ ಸ್ಥಳದಲ್ಲಿ ಉಳಿದ ಕೈಕಾಲುಗಳು ಯಾರಿಗೆ ಏನನ್ನು ಸಲ್ಲಿಸಬೇಕು ಎಂಬುದೇ ಪ್ರಶ್ನೆ.

ಯೆಲ್ಲೋಸ್ಟೋನಿನಂಥ ಅರಣ್ಯಗಳಲ್ಲಿ ಬಿಡಾರ ಹೂಡುವವರಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಅನ್ನದ ಪಾತ್ರೆ, ಎಣ್ಣೆಯ ಸೀಸೆ, ಸಾಬೂನು, ಹಲ್ಲುಜ್ಜುವ ಪುಡಿಯ ತನಕ ವಾಸನೆಯುಳ್ಳ ಯಾವ ಪದಾರ್ಥವನ್ನೂ ರಾತ್ರಿ ಹೊರಗೆ ಬಿಡಕೂಡದು; ಗಾಡಿಯಲ್ಲಿಯೋ ಕಬ್ಬಿಣದ ಪೆಟ್ಟಿಗೆಯಲ್ಲಿಯೋ ಬೀಗ ಹಾಕಿಡಬೇಕು. ಹಿಂದೆ ಅಲ್ಲಿ ಪ್ರವಾಸಿಗಳು ರಸ್ತೆಯ ಪಕ್ಕದಲ್ಲಿ ಕರಡಿಗಳಿಗೆ ತಿಂಡಿ ಹಾಕಿ ಸಂತೋಷಪಡುತ್ತಿದ್ದ ಕಾಲವೊಂದಿತ್ತು. ಕರಡಿಗಳು ಕಸದ ಗುಂಡಿಗಳ ಮೇಲೆ ಜೀವಿಸುವುದನ್ನು ಕಲಿತವು. 1970ರ ಸುಮಾರಿಗೆ ಆ ಗುಂಡಿಗಳನ್ನು ಮುಚ್ಚಲಾಯಿತು. ಮನುಷ್ಯನ ಅಡುಗೆಯ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಡೇರೆಗಳ ಕಡೆ ಬರುತ್ತದೆ, ಜನರಿಗೆ ಅಪಾಯಕಾರಿಯಾಗುತ್ತದೆ, ಎಷ್ಟೋ ವೇಳೆ ಅರಣ್ಯಾಧಿಕಾರಿಗಳು ಅದನ್ನು ಕೊಲ್ಲಲೇಬೇಕಾಗುತ್ತದೆ. ಮೊದಲ ರಾತ್ರಿ ಈ ನಿಯಮವನ್ನು ಪಾಲಿಸದವರು ಕಡಿಮೆ. ಹೊಸ ಜಾಗ, ಹೊಸ ಕತ್ತಲೆ, ಭಯವೇ ಕಾವಲುಗಾರ. ಆದರೆ ನಾಲ್ಕು ರಾತ್ರಿ ಕಳೆದು, ಯಾವ ಕರಡಿಯೂ ಬಾರದೆ, ನಾಳೆ ಬೆಳಗ್ಗೆ ಹೊರಡುವುದೆಂದಾದಾಗ, ಉಳಿದ ಚಪಾತಿಯ ಡಬ್ಬಿ ಮೇಜಿನ ಮೇಲೆಯೇ ಉಳಿದೀತು. ಒಂದು ರಾತ್ರಿ ತಾನೇ ಎಂಬ ಮಾತು ಬಂದೀತು. ಆ ರಾತ್ರಿ ಒಂದೇ ಎಂಬುದು ಕುಟುಂಬದ ಲೆಕ್ಕ. ಕರಡಿಗೆ ಆ ಲೆಕ್ಕ ತಿಳಿಯದು. ಕುಟುಂಬವು ಹೊರಟುಹೋಗಿ ವಾರದ ಮೇಲೆ ಅದೇ ಜಾಗದಲ್ಲಿ ಮಲಗುವ ಬೇರೆ ಮಕ್ಕಳಿಗೂ ತಿಳಿಯದು.

ಕಡೆಯ ದಿನಗಳ ತಪ್ಪುಗಳೆಲ್ಲ ಬಹುಮಟ್ಟಿಗೆ ಈ ಜಾತಿಯವು. ದುಷ್ಟತನದಿಂದ ಹುಟ್ಟಿದವಲ್ಲ. ತನಗೆ ಮುಗಿದದ್ದು ಲೋಕಕ್ಕೂ ಮುಗಿಯಿತೆಂಬ ಒಂದು ಸಣ್ಣ ಭ್ರಮೆಯಿಂದ ಹುಟ್ಟಿದವು. ಊರಿನಲ್ಲಿ ಮನುಷ್ಯನು ಸರಿಯಾಗಿ ನಡೆದುಕೊಳ್ಳುವುದಕ್ಕೆ ಎಷ್ಟೋ ಕಾರಣಗಳಿವೆ. ನೆರೆಯವನ ಮುಖವನ್ನು ನಾಳೆಯೂ ನೋಡಬೇಕು. ಅಂಗಡಿಯವನ ಹತ್ತಿರ ಮತ್ತೆ ಹೋಗಬೇಕು. ಮಗಳ ಮದುವೆಗೆ ನಾಲ್ಕು ಜನ ಬರಬೇಕು. ಈ ಕೊಡುಕೊಳೆಯ ಹಂಗು ಕೀಳೆಂದು ಹೇಳುವಂತಿಲ್ಲ. ಸಮಾಜದ ಬಹುಪಾಲು ಸಭ್ಯತೆ ನಿಂತಿರುವುದು ಅದರ ಮೇಲೆಯೇ. ಆದರೆ ಮತ್ತೆಂದೂ ಬಾರದ ಜಾಗದಲ್ಲಿ, ಹೆಸರು ತಿಳಿಯದ ಜನರ ನಡುವೆ, ನಾಳೆ ಬೆಳಗ್ಗೆ ಬಿಡಾರ ಕೀಳುವವನಿಗೆ ಈ ಹಂಗುಗಳಲ್ಲಿ ಒಂದೂ ಇಲ್ಲ. ಮೈಲಿಗಟ್ಟಲೆ ಕಾಡಿಗೆ ಕಾವಲುಗಾರರು ಬೆರಳೆಣಿಕೆಯ ಮಂದಿ. ದಂಡದ ಹೆದರಿಕೆಯೂ ದುರ್ಬಲ. ಉಳಿಯುವುದು ಬರಿಯ ಕರ್ತವ್ಯ. ಒಬ್ಬನ ಸದ್ಗುಣದಲ್ಲಿ ಸಮಾಜದ ಪಾಲೆಷ್ಟು, ಅವನದೇ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ತೂಗಿ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ತಕ್ಕಡಿ ಸುಲಭವಾಗಿ ದೊರೆಯದು.

ಹದಿಮೂರನೆಯ ದಿನ ದೀರ್ಘವಾದದ್ದು. ಬ್ಯಾಡ್‌ಲ್ಯಾಂಡ್ಸಿನಿಂದ ಹೊರಟು, ಮಿಸ್ಸೂರಿ ನದಿಯನ್ನು ದಾಟಿ, ಮಿನ್ನೆಸೋಟಾದ ಜೋಳದ ಹೊಲಗಳ ನಡುವೆ ಹಾಯ್ದು, ವಿಸ್ಕಾನ್ಸಿನ್ ರಾಜ್ಯದ ಅಂಚಿನಲ್ಲಿ ಮಿಸಿಸಿಪ್ಪಿ ನದಿಯನ್ನು ಮುಟ್ಟುವವರೆಗೆ ಸುಮಾರು ಒಂಬೈನೂರು ಕಿಲೋಮೀಟರು. ಪೂರ್ವಕ್ಕೆ ಹೋಗುವಾಗ ನಡುದಾರಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕಾಗುವುದರಿಂದ ದಿನವೇ ಒಂದು ಗಂಟೆ ಕುಗ್ಗುತ್ತದೆ. ಆತುರಕ್ಕೆ ಇನ್ನೊಂದು ನೆಪ! ಕಣ್ಣೆವೆ ಭಾರವಾದರೂ ನಿಲ್ಲಿಸಬಾರದೆಂಬ ಹಟ ಚಾಲಕನಿಗೆ ಹುಟ್ಟುವುದು ಹೋಗುವಾಗಲಲ್ಲ, ಬರುವಾಗ. ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವನ್ನು 1865ರಲ್ಲಿ ಮೊಟ್ಟಮೊದಲು ಏರಿದ ಏಳು ಮಂದಿಯಲ್ಲಿ ನಾಲ್ವರು ಮಡಿದದ್ದು ಶಿಖರವನ್ನು ಮುಟ್ಟಿ ಇಳಿಯುತ್ತಿದ್ದಾಗ ಎಂಬುದನ್ನು ಪರ್ವತಾರೋಹಿಗಳು ಇಂದಿಗೂ ಮರೆತಿಲ್ಲ.

ಅಂತೂ ಕತ್ತಲಾಗುವ ಮುನ್ನ ನದಿಯ ದಂಡೆಯ ಉದ್ಯಾನದಲ್ಲಿ ಕಡೆಯ ಬಿಡಾರ. ಬ್ಯಾಡ್‌ಲ್ಯಾಂಡ್ಸಿನ ಒಣಹುಲ್ಲಿನಲ್ಲಿ ಸೌದೆಯ ಬೆಂಕಿಗೆ ಅನುಮತಿಯಿಲ್ಲ, ಇಲ್ಲಿ ಉಂಟು. ಉದ್ಯಾನದ ಬಾಗಿಲಲ್ಲಿ ಒಂದು ಕಟ್ಟು ಸೌದೆ ಕೊಂಡು ಬೆಂಕಿ ಹಾಕಿದರು. ಅರ್ಧ ಕಟ್ಟು ಉಳಿಯಿತು. ಇಲ್ಲಿ ಒಂದು ಸೂಕ್ಷ್ಮವಾದ ಧರ್ಮಸಂಕಟವಿದೆ. ಮಿತವ್ಯಯದ ಮನೆತನದಲ್ಲಿ ಬೆಳೆದವರಿಗೆ ದುಡ್ಡು ಕೊಟ್ಟು ತಂದ ಸೌದೆಯನ್ನು ಬಿಟ್ಟುಹೋಗುವುದು ಪಾಪದಂತೆ ತೋರುತ್ತದೆ. ಗಾಡಿಯಲ್ಲಿ ಜಾಗವೂ ಇದೆ. ಮನೆಯ ಹಿತ್ತಲಲ್ಲಿ ಉರಿಸಬಹುದು. ಆದರೆ ಆ ದೇಶದಲ್ಲಿ ಸೌದೆಯನ್ನು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಸಾಗಿಸಬಾರದೆಂದು ಪದೇ ಪದೇ ಎಚ್ಚರಿಕೆ ಕೊಡುತ್ತಾರೆ. ಅದಕ್ಕೆ ಕಾರಣವುಂಟು. ಪೂರ್ವ ಏಷ್ಯದ ಮೂಲದ, ಪಚ್ಚೆಯ ಬಣ್ಣದ ಒಂದು ಪುಟ್ಟ ಜೀರುಂಡೆ 2002ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಸುತ್ತಿನಲ್ಲಿ ಕಾಣಿಸಿಕೊಂಡಿತು. ಅದರ ಮರಿಹುಳುಗಳು ಆಷ್ ಎಂಬ ಮರದ ತೊಗಟೆಯ ಕೆಳಗೆ ಕೊರೆದು, ನೀರುಸಾರ ಹರಿಯುವ ದಾರಿಯನ್ನೇ ಕತ್ತರಿಸಿ, ಕೆಲವೇ ವರ್ಷಗಳಲ್ಲಿ ಮರವನ್ನು ಕೊಲ್ಲುತ್ತವೆ. ಹೀಗೆ ಸತ್ತ ಮರಗಳ ಸಂಖ್ಯೆ ಕೋಟಿಗಳನ್ನು ಮುಟ್ಟಿದೆ. ಜೀರುಂಡೆ ತನ್ನ ರೆಕ್ಕೆಯ ಬಲದಿಂದಲೇ ಅಷ್ಟು ದೂರ ಅಷ್ಟು ಬೇಗ ಹೋಗಲಾರದು. ಅದನ್ನು ಹೊತ್ತೊಯ್ದ ದಾರಿಗಳಲ್ಲಿ ಮುಖ್ಯವಾದುದು ಮನುಷ್ಯನು ಸಾಗಿಸಿದ ಸೌದೆ. ಉಳಿದದ್ದನ್ನು ಏಕೆ ಬಿಡಬೇಕು ಎಂದು ಗಾಡಿಗೆ ಹಾಕಿಕೊಂಡ ಮಿತವ್ಯಯಿಗಳೂ ಅವರಲ್ಲಿ ಇದ್ದಿರಲೇಬೇಕು.

ಸದ್ಗುಣವೊಂದು ತನ್ನ ಜಾಗ ಬಿಟ್ಟು ಬೇರೆಡೆ ನಿಂತರೆ ಹೇಗೆ ಕೇಡಾಗುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ. ಆಯ್ದಕ್ಕಿ ಲಕ್ಕಮ್ಮನ ಚರಿತ್ರೆ ವಾಚಕರಿಗೆ ತಿಳಿದದ್ದೇ. ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಬಂದಲ್ಲಿಗೇ ಹಿಂದಿರುಗಿಸೆಂದಳು. ಆ ಅಕ್ಕಿ ಕದ್ದದ್ದಲ್ಲ. ಬಿದ್ದಿದ್ದನ್ನು ಆಯ್ದದ್ದು, ಅದೂ ಕಾಯಕದಿಂದ. ಆದರೂ ಅಂದಿನ ಅಗತ್ಯವನ್ನು ಮೀರಿದ್ದು. ಆಕೆಯ ದೃಷ್ಟಿ ಅಕ್ಕಿಯ ಬೆಲೆಯ ಮೇಲಿರಲಿಲ್ಲ, ಅದರ ಜಾಗದ ಮೇಲಿತ್ತು. ಅರ್ಧ ಕಟ್ಟು ಸೌದೆಯ ಜಾಗವೂ ನದಿಯ ಆ ದಂಡೆಯೇ. ಪಕ್ಕದ ಬಿಡಾರಕ್ಕೆ ಆಗತಾನೆ ಬಂದಿಳಿದವರ ಮುಂದೆ ಅದನ್ನು ಒಯ್ದು ಇಟ್ಟುಬಂದರೆ ಸಂಕಟ ಪರಿಹಾರವಾಗುತ್ತದೆ. ದುಡ್ಡು ಹೋಯಿತೆಂಬ ವ್ಯಥೆ ಇಬ್ಬರು ಮಕ್ಕಳ ಮುಖದ ಮೇಲಿನ ಬೆಳಕಿನಲ್ಲಿ ಬಹಳ ಹೊತ್ತು ನಿಲ್ಲಲಾರದು.

ಕಡೆಯ ದಿನದ ಬೆಲೆಯನ್ನು ಕುರಿತು ತತ್ತ್ವಜ್ಞಾನಿಗಳೂ ಬಹಳ ಹಿಂದೆಯೇ ಯೋಚಿಸಿದ್ದಾರೆ. ಗ್ರೀಕರ ಸೋಲನನು, ಐಶ್ವರ್ಯದಿಂದ ಬೀಗುತ್ತಿದ್ದ ಕ್ರೀಸಸ್ ದೊರೆಗೆ, ಕೊನೆಯನ್ನು ಕಾಣದೆ ಯಾರನ್ನೂ ಸುಖಿಯೆಂದು ಕರೆಯಲಾಗದೆಂದು ಹೇಳಿದ ಕಥೆಯನ್ನು ಹೆರೊಡೋಟಸನು ಬರೆದಿದ್ದಾನೆ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಆ ಮಾತನ್ನು ಎತ್ತಿಕೊಂಡು ಚರ್ಚಿಸಿದ್ದಾನೆ. ಇತ್ತೀಚಿನ ಮನಶ್ಶಾಸ್ತ್ರಜ್ಞರು ಇದನ್ನೇ ಬೇರೊಂದು ಬಗೆಯಿಂದ ಪರೀಕ್ಷಿಸಿದರು. 1993ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡೇನಿಯಲ್ ಕಾನೆಮನ್ ಮತ್ತು ಅವರ ಸಂಗಡಿಗರು ಜನರ ಕೈಯನ್ನು 14 ಡಿಗ್ರಿಯ ಕೊರೆಯುವ ನೀರಿನಲ್ಲಿ ಒಂದು ನಿಮಿಷ ಇರಿಸಿದರು. ಇನ್ನೊಮ್ಮೆ ಅದೇ ಒಂದು ನಿಮಿಷದ ಮೇಲೆ ಮತ್ತೂ ಅರ್ಧ ನಿಮಿಷ ಇರಿಸಿ, ಆ ಅವಧಿಯಲ್ಲಿ ನೀರನ್ನು ಮೆಲ್ಲನೆ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಅನುಭವಿಸುವಿರೆಂದು ಕೇಳಿದಾಗ ಹೆಚ್ಚಿನವರು ಎರಡನೆಯದನ್ನೇ ಆರಿಸಿದರು. ಒಟ್ಟು ನೋವು ಅದರಲ್ಲಿಯೇ ಅಧಿಕ. ಆದರೆ ಕೊನೆ ಕೊಂಚ ಹಿತವಾಗಿತ್ತು. ನೆನಪು ಅವಧಿಯನ್ನು ಅಳೆಯುವುದಿಲ್ಲ, ತುದಿಯನ್ನು ಹಿಡಿದುಕೊಳ್ಳುತ್ತದೆ.

ಇದನ್ನು ಓದಿದವರು ಪ್ರವಾಸದ ಕಡೆಯ ದಿನವನ್ನು ಸಿಹಿಮಾಡಿ ಮುಗಿಸಿರೆಂದು ಉಪದೇಶಿಸುತ್ತಾರೆ. ಡೇರೆಯನ್ನು ಬಿಟ್ಟು ಒಳ್ಳೆಯ ಹೋಟೆಲಿನಲ್ಲಿ ಇಳಿಯಿರಿ, ಮಕ್ಕಳಿಗೆ ಉಡುಗೊರೆ ಕೊಡಿಸಿರಿ ಎನ್ನುತ್ತಾರೆ. ಉಪದೇಶ ಸುಳ್ಳಲ್ಲ, ಆದರೆ ಅಲ್ಪ. ಕಡೆಯ ದಿನವು ಹದಿನಾಲ್ಕು ದಿನಗಳ ನೆನಪಿಗೆ ಹಚ್ಚುವ ಬಣ್ಣವೆಂದು ತಿಳಿದಾಗ ಆ ದಿನಕ್ಕೆ ತನ್ನದೇ ಆದ ಜೀವವಿಲ್ಲವೆಂದು ಒಪ್ಪಿದಂತಾಯಿತು. ತನ್ನ ನೆನಪು ಸವಿಯಾಗಿರಲೆಂದು ಮಾಡಿದ್ದರಲ್ಲಿ ಕರಡಿಗಾಗಲಿ ಪಕ್ಕದ ಬಿಡಾರದವರಿಗಾಗಲಿ ಪಾಲಿಲ್ಲ. ಗ್ರೀಕ್ ಮೂಲದ ಗುಲಾಮನಾಗಿದ್ದು ಆಮೇಲೆ ಗುರುವಾದ ಎಪಿಕ್ಟೆಟಸನು ತನ್ನದಲ್ಲದ ವಸ್ತುಗಳನ್ನು ಪ್ರಯಾಣಿಕನು ಛತ್ರವನ್ನು ನೋಡಿಕೊಳ್ಳುವಂತೆ ನೋಡಿಕೊಳ್ಳಬೇಕೆಂದು ಕಲಿಸಿದನು. ಅವನ ದೃಷ್ಟಿಯಿದ್ದುದು ಅಂಟಿಕೊಳ್ಳಬಾರದೆಂಬ ಕಡೆಗೆ. ಆದರೆ ಆ ಮಾತಿಗೆ ಎರಡು ಮುಖಗಳಿವೆ. ಛತ್ರ ತನ್ನದಲ್ಲ ಎಂಬುದು ಒಂದು. ತನ್ನದಲ್ಲವಾದುದರಿಂದಲೇ ಕೆಡಿಸುವ ಹಕ್ಕೂ ಇಲ್ಲ ಎಂಬುದು ಇನ್ನೊಂದು. ವೈರಾಗ್ಯವನ್ನು ಮೆಚ್ಚುವವರು ಮೊದಲನೆಯದನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಮರೆಯುವುದುಂಟು.

ಸ್ಥಳದ ಮಾತಾಯಿತು. ಜೊತೆಯವರ ವಿಷಯ ಇನ್ನೂ ಕಠಿನ. ಹದಿಮೂರು ರಾತ್ರಿ ಒಂದೇ ಡೇರೆಯಲ್ಲಿ ಮಲಗಿದವರಿಗೆ ಪರಸ್ಪರ ಮರೆಯೆಂಬುದು ಉಳಿದಿರುವುದಿಲ್ಲ. ಗೊರಕೆ, ಮುಂಗೋಪ, ಬೆಳಗಿನ ಚಹಕ್ಕೆ ಮುಂಚಿನ ಮೌನ ಎಲ್ಲವೂ ಬಯಲು. ಮೊದಲ ವಾರದಲ್ಲಿ ನಗೆಗೆ ವಸ್ತುವಾಗಿದ್ದದ್ದು ಕಡೆಯ ಎರಡು ದಿನಗಳಲ್ಲಿ ಮಾತಿನ ಮೊನೆಯಾಗುತ್ತದೆ. ನಾಳೆ ಮನೆ ಸೇರಿದರೆ ಬೇರೆ ಬೇರೆ ಕೋಣೆಗಳಿವೆ ಎಂಬ ನಂಬಿಕೆಯಿಂದ ಇಂದು ನಾಲಗೆ ಸಡಿಲವಾಗುತ್ತದೆ. ಮಗುವಿಗೆ ಮಾತ್ರ ಈ ಲೆಕ್ಕ ತಿಳಿಯದು. ಅದಕ್ಕೆ ಹದಿನಾಲ್ಕನೆಯ ಬೆಳಗೂ ಮೊದಲನೆಯದರಷ್ಟೇ ತುಂಬಿದ ಬೆಳಗು. ನದಿಯ ದಂಡೆಯಲ್ಲಿ ಒಂದು ನೆಲಗಪ್ಪೆಯನ್ನು ಕಂಡು ಅಪ್ಪನನ್ನು ಕರೆಯುತ್ತದೆ. ಹಗ್ಗ ಸುತ್ತುತ್ತಿರುವ ಅಪ್ಪ, ಸುಮ್ಮನೆ ಬಂದು ಗಾಡಿ ಹತ್ತು ಎನ್ನುತ್ತಾನೆ. ಶಿಕಾಗೋ ಇನ್ನು ನಾಲ್ಕೈದು ಗಂಟೆಯ ದಾರಿ. ಕಪ್ಪೆಯನ್ನು ನೋಡಲು ಬೇಕಾಗಿದ್ದದ್ದು ಎರಡು ನಿಮಿಷ. ಇದರಲ್ಲಿ ಅಪ್ಪನದು ಕ್ರೌರ್ಯವಲ್ಲ, ಅಲ್ಲಿ ಅವನು ಇರಲೇ ಇಲ್ಲ, ಅಷ್ಟೆ. ಆದರೆ ಅಲ್ಲಿ ಇಲ್ಲದಿರುವುದಕ್ಕೆ ಬೆಲೆ ಕೊಟ್ಟವನು ಅವನಲ್ಲ, ಮಗು.

ಆ ಕುಟುಂಬದಲ್ಲಿ ಇನ್ನೊಬ್ಬರಿದ್ದಾರೆ. ಅಜ್ಜಿಗೆ ಮುಂದಿನ ವಾರವೇ ಊರಿಗೆ ವಿಮಾನ. ಎಪ್ಪತ್ತು ದಾಟಿದ ವಯಸ್ಸು. ಇಷ್ಟು ದೂರ ಮತ್ತೆ ಬರುವುದಾಗುವುದೆಂದು ಆಕೆಯೂ ಹೇಳುವುದಿಲ್ಲ, ಮಗನೂ ಕೇಳುವುದಿಲ್ಲ. ಉಳಿದವರಿಗೆ ಇದು ಒಂದು ಪ್ರವಾಸದ ಕೊನೆ; ಮುಂದಿನ ಬೇಸಗೆಗೆ ಇನ್ನೊಂದಿದೆ. ಆಕೆಗೆ ಈ ಕೊನೆ ಅಕ್ಷರಶಃ ಕೊನೆ. ಹಾಗಿರುವಾಗ ಆತುರಪಡುವ ಅಥವಾ ಕಣ್ಣೀರಿಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಆಕೆಗೇ ಇತ್ತು. ಅದರ ಬದಲು ಆಕೆ ಎಲೆಗಳುಳ್ಳ ಒಂದು ಒಣಕೊಂಬೆಯನ್ನು ಹಿಡಿದು ಡೇರೆಯ ಮುಂದಿನ ನೆಲವನ್ನು ಗುಡಿಸುತ್ತಾಳೆ. ಹೊರಟವರ ಹಿಂದೆಯೇ ಕಸ ಗುಡಿಸಬಾರದೆಂಬ ರೂಢಿ ಕನ್ನಡ ನಾಡಿನ ಮನೆಗಳಲ್ಲಿದೆ. ಅದು ಅಮಂಗಳವೆಂದು ಭಾವನೆ. ಹಿಂದೆ ಯಾರೂ ಗುಡಿಸಬೇಕಾಗಬಾರದೆಂದೋ ಏನೋ, ಆಕೆ ಹೊರಡುವ ಮುನ್ನವೇ ಆ ಕೆಲಸ ಮುಗಿಸುತ್ತಾಳೆ. ಬಿಡು ಅವ್ವಾ, ಉದ್ಯಾನದವರು ನೋಡಿಕೊಳ್ಳುತ್ತಾರೆ ಎಂದು ಮಗ ಅಂದರೆ ಆಕೆ ಉತ್ತರ ಕೊಡುವುದಿಲ್ಲ. ಎರಡು ಬಾಟಲಿಯ ಮುಚ್ಚಳ, ಒಂದು ಮುರಿದ ಬಣ್ಣದ ಕಡ್ಡಿ, ಯಾರದೋ ಹಳೆಯ ಹಗ್ಗದ ತುಂಡು ಇವುಗಳನ್ನು ಆರಿಸಿ ಚೀಲಕ್ಕೆ ಹಾಕುತ್ತಾಳೆ. ಅವುಗಳಲ್ಲಿ ಕೆಲವು ಆ ಕುಟುಂಬದವೂ ಅಲ್ಲ.

ಬೆಂಕಿಯನ್ನು ಆರಿಸುವುದಕ್ಕೆ ಅಲ್ಲಿ ಒಂದು ಕ್ರಮವಿದೆ. ನೀರು ಸುರಿಯಬೇಕು, ಕೋಲಿನಿಂದ ಕಲಕಬೇಕು, ಮತ್ತೆ ನೀರು ಸುರಿಯಬೇಕು, ಕಡೆಗೆ ಅಂಗೈಯ ಹಿಂಬದಿಯನ್ನು ಬೂದಿಯ ಸಮೀಪಕ್ಕೆ ಒಯ್ದು ಬಿಸಿ ಉಳಿದಿದೆಯೇ ಎಂದು ನೋಡಬೇಕು. ಮೇಲೆ ತಣ್ಣಗಾದಂತೆ ತೋರುವ ಬೂದಿಯ ಕೆಳಗೆ ಕೆಂಡವು ಗಂಟೆಗಟ್ಟಲೆ ಬದುಕಿರಬಲ್ಲದು. ಕಣ್ಣಿನಿಂದ ನೋಡಿ ಆರಿತೆಂದುಕೊಂಡು ಹೋದವರಿಂದ ಕಾಡು ಉರಿದ ಪ್ರಸಂಗಗಳು ಆ ದೇಶದಲ್ಲಿ ಅಪರೂಪವಲ್ಲ. ಹೊರಡುವ ಅವಸರದಲ್ಲಿ ತಂದೆ ಒಂದು ತಂಬಿಗೆ ನೀರು ಎರಚಿದ್ದಾಗಿತ್ತು. ಅಜ್ಜಿ ಕುಳಿತು ಬೂದಿಯ ಮೇಲೆ ಕೈಯೊಡ್ಡಿ ನೋಡಿ, ಮೊಮ್ಮಗಳ ಕೈಯನ್ನೂ ಅಲ್ಲಿಗೆ ತಂದು ತೋರಿಸಿ, ಇನ್ನೊಂದು ತಂಬಿಗೆ ತರುವಂತೆ ಕಳುಹಿಸಿದಳು.

ಡೇರೆ ಇಬ್ಬನಿಯಿಂದ ತೊಯ್ದಿರುತ್ತದೆ. ಹಾಗೆಯೇ ಮಡಿಚಿದರೆ ಬೂಷ್ಟು ಹಿಡಿಯುವುದರಿಂದ ಅರ್ಧ ಗಂಟೆ ಬಿಸಿಲಿಗೆ ಹರವಬೇಕಾಯಿತು. ಆ ಅರ್ಧ ಗಂಟೆಯಲ್ಲಿ ಮಾಡಲು ಬೇರೇನೂ ಇಲ್ಲದೆ ತಂದೆ ಮಗಳ ಹಿಂದೆ ನದಿಯ ಕಡೆ ಹೋದನು. ಕಪ್ಪೆ ಅಲ್ಲಿ ಇನ್ನೂ ಇತ್ತೋ ಇಲ್ಲವೋ, ಅವರು ಬಹಳ ಹೊತ್ತು ಬಗ್ಗಿ ನೋಡುತ್ತಿದ್ದರು. ಗೂಟಗಳನ್ನು ಎಣಿಸಿದಾಗ ಏಳು ಸಿಕ್ಕಿದವು. ಎಂಟನೆಯದು ಹುಲ್ಲಿನಲ್ಲಿ ಎಲ್ಲೋ ಅಡಗಿತ್ತು. ಬರಿಗಾಲಿನ ಮಗುವೊಂದು ಅದನ್ನು ತುಳಿಯಬಹುದೆಂದು ನಾಲ್ವರೂ ಮಂಡಿಯೂರಿ ಹುಡುಕಿದರು. ಡೇರೆ ಇದ್ದ ಜಾಗದಲ್ಲಿ ಹುಲ್ಲು ಚೌಕವಾಗಿ ಮಲಗಿತ್ತು. ಬಿಡಾರದ ಸಂಖ್ಯೆ ಬರೆದ ಕಂಬಕ್ಕೆ ಉದ್ಯಾನದವರು ಅಂದಿನ ಮಧ್ಯಾಹ್ನ ಬರಲಿರುವವರ ಚೀಟಿಯನ್ನು ಆಗಲೇ ಸಿಕ್ಕಿಸಿ ಹೋಗಿದ್ದರು.